ಶೆಲ್ಯಾಕ್ ಪಾಲಿಶ್ ವಾರವಾದರೂ ಅಂಟಂಟು, ಹೊಳಪು ಮಾರನೇ ದಿನವೇ ಮಂಕು

ಹಳೇಮೇಜು:
ತಲೆ ಕೆಟ್ಟುಹೋಗಿದೆ. ಹಳೇ ಟೇಬಲ್ಲಿಗೆ ಕೈಯಲ್ಲೇ ಶೆಲ್ಯಾಕ್ (ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು) ಉಜ್ಜುತ್ತಿದ್ದೀನಿ. ಹಳೇ ಪಾಲಿಶ್ ಪೂರ್ತಿ ತೆಗೆದು, 220 ಆಮೇಲೆ 320 ನಂಬರಿನ ಮರಳು ಕಾಗದದಲ್ಲಿ ಉಜ್ಜಿ, ಮಾಮೂಲಿ ತಯಾರಿ ಎಲ್ಲ ಮುಗಿಸಿಯೇ ಶುರು ಮಾಡಿದ್ದು. ವಾರವಾಯ್ತು, ಮೇಲ್ಹಲಗೆ ಇನ್ನೂ ಅಂಟಂಟು. ಬೆರಳಿಟ್ಟರೆ ರೇಖೆ ಸಮೇತ ಅಚ್ಚು ಬೀಳುತ್ತೆ. ಇವತ್ತು ಹೊಳಪು ಬಂದ ಜಾಗ ನಾಳೆ ಮಂಕು. ಉಜ್ಜೋ ಬಟ್ಟೆಯ ಪ್ಯಾಡ್ ಬೇರೆ ನೇರಳೆಗೆಂಪಗೆ ಆಗ್ತಿದೆ, ನಾನು ಯಾವ ಬಣ್ಣಾನೂ ಹಾಕಿಲ್ಲ. ದಯವಿಟ್ಟು "ಮೊದಲಿಂದ ಮಾಡಿ" ಅಂತ ಮಾತ್ರ ಹೇಳಬೇಡಿ.

ಕೀಸುಳಿ:
ಶೆಲ್ಯಾಕ್ ಹಳತಾಗಿದೆ, ಅಷ್ಟೇ. ಸ್ಪಿರಿಟ್‌ನಲ್ಲಿ ಕರಗಿಸಿಟ್ಟ ಅರಗು ನಿಧಾನಕ್ಕೆ ಎಸ್ಟರ್ ಆಗ್ತಾ ಹೋಗುತ್ತೆ, ಆಮೇಲೆ ಎಷ್ಟು ಕಾದರೂ ಗಟ್ಟಿಯಾಗಲ್ಲ. ಕರಗಿಸಿ ಆರು ತಿಂಗಳು ದಾಟಿದ್ದರೆ ಪರೀಕ್ಷೆ ಮಾಡದೆ ಮುಟ್ಟಬಾರದು. ಗಾಜಿನ ತುಂಡಿನ ಮೇಲೆ ಒಂದು ಹನಿ ತೆಳ್ಳಗೆ ಸವರಿ, ಒಂದು ಗಂಟೆ ಬಿಟ್ಟು ಉಗುರಿಂದ ಕೆರೆಯಿರಿ. ಒಣ ಪುಡಿಯಾಗಿ ಎದ್ದರೆ ಸರಿ. ಉಗುರಿಗೆ ಮೆತ್ತಿಕೊಂಡರೆ ಆ ಬಾಟಲಿ ಕೆಲಸಕ್ಕೆ ಬರಲ್ಲ.

ಬಾಚಿ:
ಮಂಕು ಅಂದ್ರೆ ತೇವ. ಸ್ಪಿರಿಟ್ ಆರುವಾಗ ಮೇಲ್ಮೈ ತಣ್ಣಗಾಗುತ್ತೆ, ಗಾಳಿಯ ನೀರು ಅಲ್ಲೇ ಕೂತು ಬೆಳ್ಳಗಾಗುತ್ತೆ. ತೇವಾಂಶ ಎಷ್ಟಿತ್ತು? 70 ಶೇಕಡಾ ದಾಟಿದ ದಿನ ನಾನಂತೂ ಪ್ಯಾಡ್ ಹಿಡಿಯಲ್ಲ.

ಹಳೇಮೇಜು:
ಗಾಜಿನ ಪರೀಕ್ಷೆ ಮಾಡಿದೆ. ಕೆರೆದರೆ ಚಟಚಟ ಅಂತ ಪುಡಿ ಏಳುತ್ತೆ. ಅದೇ ಬಾಟಲಿ, ಅದೇ ದಿನ ಕಾಲುಗಳಿಗೂ ಡ್ರಾಯರ್ ಮುಖಕ್ಕೂ ಹಾಕಿದ್ದು. ಅಲ್ಲೆಲ್ಲ ಕಲ್ಲಿನಂತೆ ಗಟ್ಟಿ.

ಕೀಸುಳಿ:
ಕಾಲಿಗೆ ತೆಳ್ಳಗೆ ಬಿದ್ದಿರುತ್ತೆ, ಮೇಲ್ಹಲಗೆಗೆ ದಪ್ಪ. ತೆಳ್ಳಗಿದ್ದರೆ ಹಳೇ ಶೆಲ್ಯಾಕೂ ಒಣಗಿದ ಹಾಗೆ ಕಾಣುತ್ತೆ. ಅರಗಿನ ಚಕ್ಕೆ ಹೊಸದಾಗಿ ತಂದು ಕರಗಿಸಿ.

ಬಾಚಿ:
ಗಾಜು ಪಾಸಾಯ್ತು ಅಂದ ಮೇಲೂ ಬಾಟಲಿನೇ ಹಿಡ್ಕೊಂಡಿದೀರಲ್ಲ ಸಾರ್. ತೇವಾಂಶ ಕೇಳಿದ್ದೆ, ಉತ್ತರ ಬಂದಿಲ್ಲ.

ಅರಗುಡಬ್ಬಿ:
ಮೇಣ ತೆಗೆದ ಶೆಲ್ಯಾಕಾ, ಮೇಣ ಇರೋದಾ? ಮೇಣ ಇದ್ದರೆ ಹೊಳಪು ಇಷ್ಟೇ. ನನ್ನ ಹತ್ರ ನಾಲ್ಕು ಬಣ್ಣದ ಚಕ್ಕೆ, ಎಲ್ಲ ಮೇಣ ತೆಗೆದದ್ದು, ಕಂದು ಗಾಜಿನ ಬಾಟಲಿ, ಪ್ರತಿಯೊಂದಕ್ಕೂ ಕರಗಿಸಿದ ತಾರೀಖಿನ ಚೀಟಿ. 100 ಮಿಲೀ ಸ್ಪಿರಿಟ್‌ಗೆ 12 ಗ್ರಾಂ, 24 ಗ್ರಾಂ ಚಕ್ಕೆ, ಎರಡು ಅಳತೆ ಬಿಟ್ಟು ಮೂರನೇದು ಇಲ್ಲ. ಪ್ಯಾಡ್‌ಗಳಿಗೂ ಬೇರೆ ಬೇರೆ ಬಿಗಿ ಮುಚ್ಚಳದ ಡಬ್ಬಿ.

ಕೀಸುಳಿ:
ಮೇಲೆ ಪಾಲಿಯುರೆಥೇನ್ ಹಾಕೋದಿದ್ದರೆ ಮೇಣದ ಚಿಂತೆ. ಶೆಲ್ಯಾಕ್ ಮೇಲೆ ಶೆಲ್ಯಾಕಿಗೆ ಏನೂ ಆಗಲ್ಲ. ಕೈ ಪಾಲಿಶ್ ತಲೆತಲಾಂತರದಿಂದ ಮೇಣದ ಸಮೇತವೇ ನಡೆದಿದೆ.

ಅರಗುಡಬ್ಬಿ:
ತಲೆತಲಾಂತರದಿಂದ ನಡೆದಿದ್ದೆಲ್ಲ ಸರಿ ಅಂತೇನಿಲ್ಲ. ಪಾರದರ್ಶಕತೆ ಪಕ್ಕಪಕ್ಕ ಇಟ್ಟು ನೋಡಿ.

ಹೊಟ್ಟು:
ಆ ಜಗಳ ಇನ್ನೊಂದು ಚರ್ಚೆಗೆ ಒಯ್ಯಿರಿ. @ಹಳೇಮೇಜು, ಎರಡೇ ಪ್ರಶ್ನೆ. ಮೇಲ್ಹಲಗೆ ಯಾವ ಮರ? ಶೆಲ್ಯಾಕಿಗೆ ಮುಂಚೆ ಅದರ ಮೇಲೆ ಏನಾದ್ರೂ ಸವರಿದ್ರಾ?

ಹಳೇಮೇಜು:
ಮೇಲ್ಹಲಗೆ ಬೀಟೆ, ಕಾಲು ಮತ್ತೆ ಡ್ರಾಯರ್ ತೇಗ. ಬಣ್ಣ ಎದ್ದು ಕಾಣಲಿ ಅಂತ ಬೀಟೆಗೆ ಮಾತ್ರ ಹಸಿ ಅಗಸೆ ಎಣ್ಣೆ ಕುಡಿಸಿ, ಒರೆಸಿ, ಮಾರನೇ ದಿನ ಶೆಲ್ಯಾಕ್ ಹಿಡಿದೆ. ಅದು ಎಲ್ಲರೂ ಮಾಡೋದೇ ಅಲ್ವಾ, ಅದಕ್ಕೇ ಬರೀಲಿಲ್ಲ.

ಹೊಟ್ಟು:
ಪ್ಯಾಡ್ ನೇರಳೆಗೆಂಪು ಅಂದಾಗಲೇ ಬೀಟೆ ಅನ್ನಿಸಿತ್ತು. ಬೀಟೆಯ ಬಣ್ಣ ಸ್ಪಿರಿಟ್‌ನಲ್ಲಿ ಕರಗಿ ಬರುತ್ತೆ, ಅದರ ಬಗ್ಗೆ ಚಿಂತೆ ಬೇಡ.

ಚಿಂತೆ ಎಣ್ಣೆದು. ಅಗಸೆ ಎಣ್ಣೆ ಸ್ಪಿರಿಟ್ ಥರ ಆವಿಯಾಗಿ ಆರೋದಿಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತೆ. ಹಸಿ ಎಣ್ಣೆಗೆ ಯಾವ ಮರದ ಮೇಲಾದ್ರೂ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಬೇಕು. ಬೀಟೆಯ ಒಳಗಿರುವ ಸತ್ವಗಳು ಆ ಕ್ರಿಯೆಯನ್ನೇ ತಡೆಯುತ್ತವೆ, ಹಾಗಾಗಿ ಅಲ್ಲಿ ಎಣ್ಣೆ ಜಿಡ್ಡಾಗಿಯೇ ಉಳಿದುಬಿಡುತ್ತೆ. ಶೆಲ್ಯಾಕಿಗೆ ಆ ತೊಂದರೆ ಇಲ್ಲ, ಅದು ಸ್ಪಿರಿಟ್ ಆರಿದರೆ ಗಟ್ಟಿ. ಈಗ ಒಣಗದ ಎಣ್ಣೆ ಕೆಳಗೆ, ಶೆಲ್ಯಾಕ್ ಮೇಲೆ. ನೀವು ಉಜ್ಜಿದಷ್ಟೂ ಸ್ಪಿರಿಟ್ ಪದರವನ್ನು ಮೆತ್ತಗೆ ಮಾಡುತ್ತೆ, ಎಣ್ಣೆ ಮೇಲೆ ಬರುತ್ತೆ, ಮಾರನೇ ದಿನ ಮಂಕು.

ಖಾತ್ರಿ ಮಾಡ್ಕೊಳ್ಳಿ: ಬಟ್ಟೆಗೆ ಟರ್ಪೆಂಟೈನ್ ಹಚ್ಚಿ ಒಂದು ಮೂಲೆ ಒರೆಸಿ. ಅದು ಶೆಲ್ಯಾಕನ್ನು ಕರಗಿಸಲ್ಲ, ಎಣ್ಣೆಯನ್ನು ಎತ್ತುತ್ತೆ. ಜಿಡ್ಡು ಹೋಗಿ ಹೊಳಪು ಬಂದು, ಒಂದೆರಡು ದಿನದಲ್ಲಿ ಮತ್ತೆ ಮಂಕಾದರೆ ಎಣ್ಣೆಯೇ.

ಬಾಚಿ:
ತೇವವೂ ಇರಬಹುದಲ್ಲ. ಎರಡೂ ಸೇರಿ.

ಹೊಟ್ಟು:
ತೇವದ ಬಿಳುಪು ಉಜ್ಜಿದ ಕೆಲವೇ ನಿಮಿಷದಲ್ಲಿ ಕಾಣುತ್ತೆ, ಹಾಲಿನ ಪೊರೆಯ ಹಾಗೆ. ಒಣ ಹವೆಯಲ್ಲಿ ಸ್ಪಿರಿಟ್ ಪ್ಯಾಡ್ ತೇಲಿಸಿದರೆ ಹೋಗುತ್ತೆ. ಬೆರಳಚ್ಚು ಬೀಳಲ್ಲ. ಅದೇ ಗಾಳಿಯಲ್ಲಿದ್ದ ತೇಗದ ಕಾಲಿಗೆ ಏನೂ ಆಗಿಲ್ಲ, ನೋಡಿ.

ಹಳೇಮೇಜು:
ಮೂಲೆ ಒರೆಸಿದೆ. ಬಟ್ಟೆಗೆ ಹಳದಿ ಜಿಡ್ಡು ಬಂತು, ಹೊಳಪೂ ಬಂತು. ಇವತ್ತು ಮೂರನೇ ದಿನ, ಮತ್ತೆ ಮಂಕು. ಬಿಸಿಲಿಗಿಟ್ಟರೆ ಒಣಗಲ್ವಾ?

ಕೀಸುಳಿ:
ಬಿಸಿಲು ಬೇಡ. ಶೆಲ್ಯಾಕ್ ಶಾಖಕ್ಕೆ ಮೆತ್ತಗಾಗುತ್ತೆ, ಹಲಗೆಯೂ ಬಾಗುತ್ತೆ. ಎಣ್ಣೆ ಅಂತಲೇ ಆದ್ರೆ ತೆಗೆಯೋದು ಬಿಟ್ಟು ಬೇರೆ ದಾರಿ ಇಲ್ಲ.

ಹೊಟ್ಟು:
ಹೌದು, ಮೇಲ್ಹಲಗೆ ಮಟ್ಟಿಗೆ ಮೊದಲಿಂದಲೇ. ಕಾಲು, ಡ್ರಾಯರ್ ಮುಟ್ಟಬೇಡಿ.

ಸ್ಪಿರಿಟ್‌ನಲ್ಲಿ ಅದ್ದಿದ ಬಟ್ಟೆ ಹಾಸಿ, ಮೇಲೆ ಪ್ಲಾಸ್ಟಿಕ್ ಮುಚ್ಚಿ ಹತ್ತು ನಿಮಿಷ ಬಿಡಿ. ಮೆತ್ತಗಾದ ಪದರವನ್ನು ಮೊಂಡು ಅಂಚಿನ ಹಲಗೆಚೂರಿನಿಂದ ನಾರಿನ ಗುಂಟ ಎಳೆಯಿರಿ. ಆಮೇಲೆ ಅಸಿಟೋನ್‌ನಲ್ಲಿ ಒರೆಸಿ, ಬಟ್ಟೆ ಬದಲಿಸುತ್ತಾ, ಜಿಡ್ಡು ಬರೋದು ನಿಲ್ಲೋವರೆಗೆ. ಬೀಟೆಯ ಬಣ್ಣ ಕೊನೆವರೆಗೂ ಬರುತ್ತೆ, ಬಣ್ಣ ನೋಡಿ ನಿಲ್ಲಿಸಬೇಡಿ. ಒದ್ದೆ ಆರಿದ ಮೇಲೆ ಬೆರಳಿಗೆ ಜಾರಿಕೆ ಇದೆಯಾ ನೋಡಿ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ. ಅಗಸೆ ಎಣ್ಣೆ ಹೀರಿದ ಬಟ್ಟೆಗಳನ್ನು ಮುದ್ದೆ ಮಾಡಿ ಎಸೆಯಬೇಡಿ, ತಾವಾಗೇ ಹೊತ್ತಿಕೊಳ್ಳುತ್ತವೆ. ಬಿಡಿಬಿಡಿಯಾಗಿ ಹರಡಿ ಒಣಗಿಸಿ.

ಎರಡು ದಿನ ಬಿಟ್ಟು 12 ಗ್ರಾಂ ಅಳತೆಯ ಶೆಲ್ಯಾಕನ್ನು ಎಣ್ಣೆ ಇಲ್ಲದೆ ಮೂರು ಸಲ ತೆಳ್ಳಗೆ ಹಿಡಿಯಿರಿ, ನಾರಿನ ಗುಂಟ ಮಾತ್ರ, ಒಂದೇ ಜಾಗದಲ್ಲಿ ತಿಕ್ಕಬೇಡಿ. ಬಣ್ಣ ಎದ್ದು ಕಾಣೋಕೆ ಬೀಟೆಗೆ ಇಷ್ಟೇ ಸಾಕು. ಅದು ಗಟ್ಟಿಯಾದ ಮೇಲೆ 24 ಗ್ರಾಂನದ್ದು, ಸುತ್ತು ಸುತ್ತಾಗಿ. ಪ್ಯಾಡ್ ಮೇಲ್ಮೈಗೆ ಅಂಟಿ ಎಳೆದಂತಾದಾಗ ಮಾತ್ರ ಅದರ ತಳಕ್ಕೆ ಮಿನರಲ್ ಎಣ್ಣೆ ಒಂದು ಹನಿ. ಪ್ಯಾಡ್ ನಡೆದ ಹಾದಿಯಲ್ಲಿ ಉಸಿರಿನಂಥ ಮಬ್ಬು ಎದ್ದು ಮಾಯವಾಗಬೇಕು. ಗೆರೆಯಾಗಿ ನಿಂತರೆ ಎಣ್ಣೆ ಜಾಸ್ತಿ.

ಅರಗುಡಬ್ಬಿ:
ಅದಕ್ಕೂ ಮುಂಚೆ ಪ್ಯೂಮಿಸ್ (ಜ್ವಾಲಾಮುಖಿ ಕಲ್ಲಿನ ನುಣ್ಣನೆ) ಪುಡಿ ಹಾಕಿ ಬೀಟೆಯ ಕುಳಿ ತುಂಬಬೇಕು. ಇಲ್ಲದಿದ್ದರೆ ಹೊಳಪಲ್ಲಿ ಗುಂಡಿ ಕಾಣುತ್ತೆ.

ಹಳೇಮೇಜು:
ಪ್ಯೂಮಿಸ್ ಬೇಕೇ ಬೇಕಾ? ಮನೆಯಲ್ಲಿ ಇಲ್ಲ.

ಕೀಸುಳಿ:
ಬೇಡ. ಶೆಲ್ಯಾಕಲ್ಲೇ ತುಂಬಿಸಿ, ಪದರ ಹಾಕೋದು, ಗಟ್ಟಿಯಾದ ಮೇಲೆ 400ರಲ್ಲಿ ಉಜ್ಜೋದು, ಮತ್ತೆ ಹಾಕೋದು. ನಿಧಾನ, ಆದ್ರೆ ಕೆಡಲ್ಲ.

ಹೊಟ್ಟು:
ಕಪ್ಪು ಮರದಲ್ಲಿ ಪ್ಯೂಮಿಸ್ ಜಾಸ್ತಿಯಾದರೆ ಶೆಲ್ಯಾಕ್ ಹೀರದ ಪುಡಿ ಕುಳಿಗಳಲ್ಲಿ ಬಿಳಿ ಚುಕ್ಕಿಯಾಗಿ ನಿಲ್ಲುತ್ತೆ. ಅದು ಕಾಣೋದು ಎಲ್ಲ ಮುಗಿದ ಮೇಲೆ. ಹಾಕೋದಾದ್ರೆ ಚಿಟಿಕೆ ಮಾತ್ರ, ಅದೂ ಪ್ಯಾಡ್‌ನಲ್ಲಿ ಸ್ಪಿರಿಟ್ ಇರುವಾಗ.

ಬಾಚಿ:
ಹೋಗ್ಲಿ, ತೇವಾಂಶ ಎಷ್ಟು?