ಕಪ್ಪು ಮೈಬಣ್ಣದ ನಟನನ್ನು ಪೋಸ್ಟರಿನಲ್ಲಿ ರಕ್ತಪಿಶಾಚಿಯಾಗಿ ತೋರಿಸುವುದು ಹೇಗೆ?

ಸಕ್ಕರೆನಾಡಿನ ಹುಡುಗಿ, ಮಂಡ್ಯ:

ಎಲ್ಲರಿಗೂ ನಮಸ್ಕಾರ. ನಮ್ಮ ಕಾಲೇಜಿನ ನಾಟಕ ತಂಡ ಈ ಸಲ ರಕ್ತಪಿಶಾಚಿಯೊಬ್ಬನ ಕಥೆಯನ್ನು ಆಡುತ್ತಿದೆ. ಕೋಟೆ, ಕರಿ ನಿಲುವಂಗಿ ಯಾವುದೂ ಇಲ್ಲ. ವಿಶ್ವೇಶ್ವರಯ್ಯ ನಾಲೆಯ ಪಕ್ಕದ ಒಂದು ಆಲೆಮನೆಗೆ ರಾತ್ರಿ ಹೊತ್ತು ಮಾತ್ರ ಕೆಲಸಕ್ಕೆ ಬರುವ ಕೂಲಿಯಾಳು ಅವನು. ಪೋಸ್ಟರ್ ಮಾಡುವ ಹೊಣೆ ನನ್ನದು.

ಆ ಪಾತ್ರ ಮಾಡುವ ಗೆಳೆಯನ ಮೈಬಣ್ಣ ಕಪ್ಪು. ಇಂಟರ್ನೆಟ್ಟಿನಲ್ಲಿ ನಾನು ನೋಡಿದ ವಿಡಿಯೋಗಳಲ್ಲೆಲ್ಲ ಬಿಳಿಯರ ಮುಖವನ್ನೇ ತಿದ್ದಿ ತೋರಿಸುತ್ತಾರೆ: ಬ್ರೈಟ್‌ನೆಸ್ ಏರಿಸಿ, ಬಣ್ಣ ಇಳಿಸಿ, ಕಣ್ಣು ಕೆಂಪು ಮಾಡಿ, ಹಲ್ಲು ಉದ್ದ ಮಾಡಿ ಎಂದು. ಅದೇ ಕ್ರಮವನ್ನು ಇವನ ಫೋಟೋಗೆ ಅನ್ವಯಿಸಿದರೆ ಮುಖಕ್ಕೆ ವಿಭೂತಿ ಬಳಿದಂತೆ ಕಾಣುತ್ತದೆ. ಅದನ್ನು ನೋಡಿ ಅವನು, ‘ನನ್ನನ್ನು ಬೆಳ್ಳಗೆ ಮಾಡಬೇಡ, ಭಯ ಹುಟ್ಟುವ ಹಾಗೆ ಮಾಡು’ ಎಂದ. ಆ ಮಾತು ಮನಸ್ಸಿನಲ್ಲೇ ಉಳಿದುಬಿಟ್ಟಿದೆ. ಅವನ ಬಣ್ಣ ಅವನದಾಗಿಯೇ ಉಳಿಯಬೇಕು, ಆದರೂ ನೋಡಿದವರಿಗೆ ಇವನು ಬದುಕಿರುವ ಮನುಷ್ಯನಲ್ಲ ಎನಿಸಬೇಕು. ಹಳೆಯ ಲ್ಯಾಪ್‌ಟಾಪಿನಲ್ಲಿ ಗಿಂಪ್ ಎಂಬ ಫೋಟೋ ತಿದ್ದುವ ತಂತ್ರಾಂಶ ಇದೆ. ಫೋಟೋವನ್ನು ಕಿಟಕಿಯ ಪಕ್ಕ ಮೊಬೈಲಿನಲ್ಲಿ ತೆಗೆದಿದ್ದೇನೆ. ದಾರಿ ತೋರಿಸಿ.

ಕುವೆಂಪುನಗರ:

ಇಷ್ಟು ಕಷ್ಟಪಡುವ ಅಗತ್ಯವಿಲ್ಲ. ಈಗ ಎಐ ಆ್ಯಪ್‌ಗಳಿಗೆ ಫೋಟೋ ಕೊಟ್ಟು ‘ರಕ್ತಪಿಶಾಚಿ’ ಎಂದು ಬರೆದರೆ ಕ್ಷಣದಲ್ಲಿ ಮಾಡಿಕೊಡುತ್ತವೆ. ನಾಲ್ಕೈದು ಬಾರಿ ಮಾಡಿಸಿ, ಚೆನ್ನಾಗಿರುವುದನ್ನು ಆರಿಸಿಕೊಳ್ಳಿ.

ಹಳೆಯ ನೆಗೆಟಿವ್, ಮೈಸೂರು:

ಆ್ಯಪ್‌ನ ದಾರಿ ಈ ಕೆಲಸಕ್ಕೆ ಸರಿಹೋಗದು. ಅದು ಕೊಡುವುದು ಹೊಸದಾಗಿ ಬರೆದ ಮುಖ. ಮೂಗು, ದವಡೆ ಚೂರು ಚೂರೇ ಬೇರೆಯವರದಾಗುತ್ತವೆ, ಬಣ್ಣವನ್ನೂ ಕೇಳದೆಯೇ ತಿಳಿ ಮಾಡುವುದುಂಟು. ನಾಟಕದ ಪೋಸ್ಟರ್ ನೋಡಿ ಬಂದವನಿಗೆ ರಂಗದ ಮೇಲೆ ಅದೇ ಮುಖ ಸಿಗಬೇಕು.

ನೋಡಮ್ಮ, ನಿನ್ನ ಗೆಳೆಯನ ಮಾತಿನಲ್ಲೇ ಅರ್ಧ ಉತ್ತರವಿದೆ. ನಾನು ಸಯ್ಯಾಜಿರಾವ್ ರಸ್ತೆಯ ಸ್ಟುಡಿಯೋ ಒಂದರಲ್ಲಿ ನೆಗೆಟಿವ್ ರೀಟಚ್ ಮಾಡುತ್ತಾ ಕೆಲಸ ಕಲಿತವನು. ಓರೆಯಾಗಿ ನಿಲ್ಲಿಸಿದ ಗಾಜು, ಅದರ ಹಿಂದೆ ದೀಪ, ಗಾಜಿನ ಮೇಲೆ ನೆಗೆಟಿವ್, ಕೈಯಲ್ಲಿ ಮೊನೆ ಕಾಣದಷ್ಟು ಚೂಪಾದ ಪೆನ್ಸಿಲ್. ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿದ ಜಾಗ ಪ್ರಿಂಟಿನಲ್ಲಿ ತಿಳಿಯಾಗುತ್ತದೆ, ಚಾಕುವಿನಿಂದ ಕೆರೆದ ಜಾಗ ಕಪ್ಪಾಗುತ್ತದೆ. ಗಂಡಿನ ಮನೆಗೆ ಕಳಿಸುವ ಫೋಟೋ ತೆಗೆಸಲು ಬಂದವರ ಬೇಡಿಕೆ ಒಂದೇ ಆಗಿರುತ್ತಿತ್ತು: ‘ಹುಡುಗಿಯನ್ನು ಸ್ವಲ್ಪ ಬೆಳ್ಳಗೆ ಮಾಡಿ.’ ಎಷ್ಟು ಒಳ್ಳೆಯ ಮುಖಗಳ ಲಕ್ಷಣ ಹೀಗೆ ಅಳಿಸಿಹೋಯಿತೋ! ಕೆನ್ನೆಯ ಮೂಳೆ, ಕಣ್ಣಿನ ಗುಳಿ, ತುಟಿಯ ಕೆಳಗಿನ ತಗ್ಗು, ಎಲ್ಲವೂ ನೆರಳಿನಿಂದಲೇ ಕಾಣುವಂಥವು. ಬೆಳ್ಳಗೆ ಮಾಡಿದಷ್ಟೂ ಮುಖ ಚಪ್ಪಟೆಯಾಗುತ್ತದೆ. ಚಪ್ಪಟೆ ಮುಖ ಯಾರನ್ನೂ ಹೆದರಿಸುವುದಿಲ್ಲ. ಆದ್ದರಿಂದ ಬ್ರೈಟ್‌ನೆಸ್ಸನ್ನು ಮುಟ್ಟಲೇಬೇಡ. ತೆಗೆಯಬೇಕಾದದ್ದು ಕೆಂಪು.

ಚರ್ಮದ ಮೇಲೆ ಬಿದ್ದ ಬೆಳಕೆಲ್ಲ ಮೇಲ್ಮೈಯಿಂದಲೇ ಹಿಂತಿರುಗುವುದಿಲ್ಲ. ಸ್ವಲ್ಪ ಒಳಗೆ ಇಳಿದು, ಚದುರಿ ಹೊರಬರುತ್ತದೆ. ರಕ್ತ ಹಸಿರು, ನೀಲಿಯನ್ನು ಹೀರಿಕೊಂಡು ಕೆಂಪನ್ನು ಬಿಟ್ಟುಕೊಡುತ್ತದೆ. ನಾವು ಮುಖದಲ್ಲಿ ಕಳೆ ಎನ್ನುವುದರಲ್ಲಿ ಈ ಕೆಂಪಿನ ಪಾಲು ದೊಡ್ಡದು. ಚಿತ್ರದ ಬಣ್ಣ ಕೆಂಪು, ಹಸಿರು, ನೀಲಿ ಎಂಬ ಮೂರು ಪಾಲಾಗಿ ಇರುತ್ತದೆ, ಒಂದೊಂದೂ ಒಂದು ಚಾನಲ್. ಕೆಂಪು ಚಾನಲ್ ಒಂದನ್ನೇ ತೆರೆದು ನೋಡು, ಚರ್ಮ ನುಣುಪಾಗಿ ಹೊಳೆಯುತ್ತದೆ. ನೀಲಿ ಚಾನಲ್ ತೆರೆದರೆ ಅದೇ ಮುಖದಲ್ಲಿ ಕಲೆ, ಗಡ್ಡದ ಕರಿನೆರಳು, ಕಣ್ಣಡಿಯ ಕಪ್ಪು ಎದ್ದು ಬರುತ್ತವೆ, ತುಟಿ ಕಡುಕಪ್ಪಾಗುತ್ತದೆ. ಮೂಕಿ ಚಿತ್ರಗಳ ಕಾಲದ ಆರ್ಥೋಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣುತ್ತಲೇ ಇರಲಿಲ್ಲ. ಹಳೆಯ ಭೂತಪ್ರೇತದ ಚಿತ್ರಗಳಲ್ಲಿ ತುಟಿ ಅಷ್ಟು ಕಪ್ಪಾಗಿ ಕಾಣುವುದಕ್ಕೆ ಅದೂ ಒಂದು ಕಾರಣ.

ಗಿಂಪ್‌ನಲ್ಲಿ ಅದನ್ನೇ ಮಾಡು. ಮೂಲ ಚಿತ್ರದ ಪದರವನ್ನು ನಕಲು ಮಾಡಿಕೊಂಡು, ನಕಲಿಗೆ ಮೊನೊ ಮಿಕ್ಸರ್ ಹಾಕು, ಅದು ಮೂರೂ ಚಾನಲ್‌ಗಳನ್ನು ಬೆರೆಸಿ ಕಪ್ಪುಬಿಳುಪು ಚಿತ್ರ ಮಾಡುತ್ತದೆ. ಕೆಂಪು 0, ಹಸಿರು 0.7, ನೀಲಿ 0.3 ಇಟ್ಟು ಆರಂಭಿಸು. ಆ ಪದರದ ಮೋಡನ್ನು ‘ಲ್ಯೂಮಿನಾನ್ಸ್’ಗೆ ಬದಲಿಸಿ, ಒಪಾಸಿಟಿಯನ್ನು, ಎಂದರೆ ಪದರದ ದಟ್ಟತೆಯನ್ನು, ಅರ್ಧಕ್ಕೆ ಇಳಿಸು. ಬಣ್ಣ ಕೆಳಗಿನ ಪದರದ್ದು, ನೆರಳು ಬೆಳಕು ಮೇಲಿನದು. ಮೈಬಣ್ಣ ಅವನದೇ ಇರುತ್ತದೆ, ಕಳೆ ಇರುವುದಿಲ್ಲ. ಇದು ಬಟ್ಟೆಗೂ ಹಿನ್ನೆಲೆಗೂ ಹರಡದಂತೆ, ಪದರದ ಬೇಡದ ಭಾಗವನ್ನು ಮರೆಮಾಡುವ ಲೇಯರ್ ಮಾಸ್ಕ್ ಹಾಕಿ ಮುಖ, ಕುತ್ತಿಗೆ, ಕೈಗಳಿಗೆ ಮಾತ್ರ ಬಿಡು. ಕುತ್ತಿಗೆಯನ್ನು ಮರೆಯಬೇಡ. ಅಲ್ಲಿ ಬಣ್ಣ ತುಂಡಾದರೆ ಇಡೀ ಚಿತ್ರ ಸುಳ್ಳಾಗುತ್ತದೆ.

ಕಣ್ಣಿನ ವಿಷಯ. ಪಾಪೆಯ ಸುತ್ತಲಿನ ಕಂದು ವೃತ್ತಕ್ಕೆ ಮಾತ್ರ ಹೊಸ ಪದರದಲ್ಲಿ, ‘ಕಲರ್’ ಮೋಡಿನಲ್ಲಿ, ಗಾಢ ಕೆಂಪು. ನಡುವಿನ ಪಾಪೆ ಕಪ್ಪಾಗಿಯೇ ಇರಲಿ, ಕಣ್ಣಿನಲ್ಲಿ ಹೊಳೆಯುವ ಕಿಟಕಿಯ ಬಿಳಿ ಚುಕ್ಕೆಯನ್ನು ಅಳಿಸಬೇಡ. ಬೆಳಕು ಕಣ್ಣನ್ನು ಹೊಕ್ಕು ಎದುರು ದಿಕ್ಕಿನ ಅಂಚನ್ನು ಬೆಳಗುತ್ತದೆ. ಚುಕ್ಕೆ ಮೇಲೆ ಎಡಕ್ಕಿದ್ದರೆ ಕೆಳಗೆ ಬಲಕ್ಕೆ ಕೆಂಪು ತುಸು ತಿಳಿಯಾಗಲಿ. ಮೇಲ್ರೆಪ್ಪೆಯ ಕೆಳಗೆ ನೆರಳು ಇದ್ದೇ ಇರಬೇಕು, ಇಲ್ಲದಿದ್ದರೆ ಬಣ್ಣ ಅಂಟಿಸಿದ್ದು ಗೊತ್ತಾಗುತ್ತದೆ.

ಹಲ್ಲಿನ ಆಸೆಗೆ ಬಿದ್ದು ಚಿತ್ರ ಕೆಡಿಸುವವರೇ ಹೆಚ್ಚು. ನಡುಗೆರೆಯಿಂದ ಎರಡು ಬಾಚಿಹಲ್ಲು ಬಿಟ್ಟು ಮೂರನೆಯದು ಕೋರೆಹಲ್ಲು. ಅನೇಕರು ಎರಡನೆಯದನ್ನು ಎಳೆದುಬಿಡುತ್ತಾರೆ, ಆಗ ಇಲಿಯ ಬಾಯಿಯಾಗುತ್ತದೆ. ಚಿತ್ರವನ್ನು ಎಳೆದು ಹಿಗ್ಗಿಸುವ ವಾರ್ಪ್ ಉಪಕರಣದ ಕುಂಚವನ್ನು ಹಲ್ಲಿನ ಅಗಲಕ್ಕೆ ಇಟ್ಟು ಕೆಳಗೆ ಸ್ವಲ್ಪವೇ ಎಳೆ. ಅಪ್ಪಟ ಬಿಳಿ ಬೇಡ, ಪಕ್ಕದ ಹಲ್ಲುಗಳ ಹಳದಿಯೇ ಅದಕ್ಕೂ ಇರಲಿ. ತುದಿ ಕೆಳತುಟಿಗೆ ತಾಗುವಲ್ಲಿ ಸಣ್ಣ ನೆರಳು ಹಾಕು. ನನ್ನನ್ನು ಕೇಳಿದರೆ ಬಾಯಿ ಮುಚ್ಚಿರುವುದೇ ಮೇಲು, ಒಂದೇ ಹಲ್ಲಿನ ತುದಿ ತುಟಿಯ ಮೇಲೆ ಕಂಡರೆ ಸಾಕು.

ಎನ್.ಆರ್. ಮೊಹಲ್ಲಾ:

ನಾನು ಆಸ್ಪತ್ರೆಯಲ್ಲಿ ನರ್ಸ್. ಮೇಲಿನವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ನಮ್ಮ ಕಡೆಯವರ ಮೈಬಣ್ಣದಲ್ಲಿ ರಕ್ತಹೀನತೆಯನ್ನು ಕೆನ್ನೆ ನೋಡಿ ಗುರುತಿಸಲು ಆಗುವುದಿಲ್ಲ. ಕೆಳಗಣ್ಣಿನ ರೆಪ್ಪೆಯನ್ನು ಎಳೆದು ಒಳಭಾಗ ನೋಡುತ್ತೇವೆ. ಆಮೇಲೆ ನಾಲಿಗೆ, ಅಂಗೈಯ ಗೆರೆಗಳು, ಉಗುರಿನ ಬುಡ. ಆರೋಗ್ಯವಂತರಲ್ಲಿ ಇವೆಲ್ಲ ಗುಲಾಬಿ ಬಣ್ಣ. ರಕ್ತ ತೀರ ಕಡಿಮೆಯಾದವರಲ್ಲಿ ರೆಪ್ಪೆಯ ಒಳಭಾಗ ಕಾಗದದಷ್ಟು ಬಿಳಿಚಿರುತ್ತದೆ, ಮೈ ಎಷ್ಟೇ ಕಪ್ಪಾಗಿದ್ದರೂ. ಅಂಥ ಕಣ್ಣು ನೋಡಿದ ಕೂಡಲೇ ನಮಗೆ ಎದೆ ಧಸಕ್ಕೆನ್ನುತ್ತದೆ. ತಂಗಿ, ನಿನ್ನ ಗೆಳೆಯನ ಮುಖಕ್ಕೆ ಬಿಳಿ ಬಳಿಯದೆ ಈ ಜಾಗಗಳ ಗುಲಾಬಿಯನ್ನು ಮಾತ್ರ ತೆಗೆದು ನೋಡು. ನೋಡುವವರಿಗೆ ಕಾರಣ ಗೊತ್ತಾಗದಿದ್ದರೂ ಏನೋ ಸರಿಯಿಲ್ಲ ಎಂಬುದು ತಟ್ಟುತ್ತದೆ.

ಹಳೆಯ ನೆಗೆಟಿವ್, ಮೈಸೂರು:

ಎಂಥ ಮಾತು ಹೇಳಿದಿರಿ ಸಿಸ್ಟರ್! ಇಷ್ಟು ಕಾಲ ಕಣ್ಣಿನ ಸುತ್ತ ಕೆಲಸ ಮಾಡಿದ ನನಗೂ ಇದನ್ನು ಹೀಗೆ ಯಾರೂ ಬಿಡಿಸಿ ಹೇಳಿರಲಿಲ್ಲ.

ಅಮ್ಮ, ಇದನ್ನೇ ಮಾಡು. ಹ್ಯೂ-ಸ್ಯಾಚುರೇಶನ್ ತೆರೆದು ಕೆಂಪನ್ನು ಮಾತ್ರ ಆರಿಸಿ, ಸ್ಯಾಚುರೇಶನ್ ಇಳಿಸಿ, ಮಾಸ್ಕ್ ಮೂಲಕ ಕೆಳರೆಪ್ಪೆಯ ಅಂಚು, ಕಣ್ಣಿನ ಮೂಲೆಯ ಕೆಂಪು ಗಂಟು, ಒಸಡು, ತುಟಿಯ ಒಳಬದಿ, ಉಗುರು, ಕಿವಿಯ ಹಾಲೆ ಇಷ್ಟಕ್ಕೇ ಬಿಡು. ಚಿತ್ರವನ್ನು ಪರದೆಯ ಮೇಲೆ ಶೇಕಡ ಇನ್ನೂರಕ್ಕೆ ಹಿಗ್ಗಿಸಿಕೊಂಡು ಮಾಡುವ ಕೆಲಸ ಇದು. ಕೆಳರೆಪ್ಪೆಯ ಅಂಚಿನಲ್ಲಿ ಒದ್ದೆಯ ಹೊಳಪಿನ ಸಣ್ಣ ಗೆರೆಯೊಂದು ಇರುತ್ತದೆ. ಅದನ್ನು ಮಾತ್ರ ಹಾಗೆಯೇ ಬಿಡು, ಅದು ಹೋದರೆ ಕಣ್ಣು ಗಾಜಿನದಾಗುತ್ತದೆ.

ಸಕ್ಕರೆನಾಡಿನ ಹುಡುಗಿ, ಮಂಡ್ಯ:

ಸರ್, ಅಕ್ಕ, ಇಬ್ಬರಿಗೂ ತುಂಬು ಧನ್ಯವಾದ. ಕೆಳರೆಪ್ಪೆಯ ಕೆಂಪು ತೆಗೆದು ನೋಡಿದೆ, ಪಕ್ಕದಲ್ಲಿ ಕುಳಿತಿದ್ದ ಗೆಳತಿ ‘ಇವನಿಗೆ ಏನಾಗಿದೆ?’ ಎಂದು ಕೇಳಿದಳು. ಹಲ್ಲು ಇನ್ನೂ ಮುಟ್ಟಿಯೇ ಇಲ್ಲ.

ಇನ್ನೊಂದು ತೊಡಕಿದೆ. ನಿರ್ದೇಶಕರಿಗೆ ಆಲೆಮನೆಯ ಒಲೆಯ ಬೆಂಕಿ ಪೋಸ್ಟರಿನಲ್ಲಿ ಬೇಕೇ ಬೇಕು. ಕಬ್ಬಿನ ಸಿಪ್ಪೆ ಉರಿಯುವಾಗ ಬರುವ ಬೆಳಕಿನಲ್ಲಿ ಎಲ್ಲರ ಮುಖವೂ ಕೆಂಪಗೆ ಕಾಣುತ್ತದೆ. ಮುಖದ ಕೆಂಪು ತೆಗೆದರೆ ಬೆಂಕಿಯ ಮುಂದೆ ನಿಂತ ಹಾಗೆ ಕಾಣುವುದಿಲ್ಲ, ಬಿಟ್ಟರೆ ಮತ್ತೆ ಕಳೆ ಬಂದುಬಿಡುತ್ತದೆ.

ಹಳೆಯ ನೆಗೆಟಿವ್, ಮೈಸೂರು:

ತೊಡಕಲ್ಲಮ್ಮ ಅದು, ನಿನ್ನ ಪೋಸ್ಟರಿಗೆ ಸಿಕ್ಕ ಭಾಗ್ಯ. ಮೈಸೂರಿಗೆ ಬಂದಾಗ ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಹೋಗು. ಹಳದಣಕರ್ ಅವರು ಜಲವರ್ಣದಲ್ಲಿ ಬರೆದ, ದೀಪ ಹಿಡಿದ ಹೆಣ್ಣಿನ ಚಿತ್ರವಿದೆ. ಅದನ್ನು ರವಿವರ್ಮನದು ಎಂದು ತಪ್ಪಾಗಿ ಹೇಳುವವರು ಈಗಲೂ ಇದ್ದಾರೆ. ದೀಪಕ್ಕೆ ಮರೆ ಮಾಡಿದ ಕೈಯ ಬೆರಳುಗಳನ್ನು ನೋಡು. ಬೆಳಕು ಮಾಂಸದೊಳಗಿಂದ ಹಾದು ಬಂದು ಬೆರಳು ಕೆಂಪಗೆ ಹೊಳೆಯುತ್ತದೆ. ಆಕೆಯಲ್ಲಿ ರಕ್ತ ಹರಿಯುತ್ತಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಬೆಂಕಿಯ ಕೆಂಪು ಚರ್ಮದ ಮೇಲೆ ಬಿದ್ದು ಹಾಗೆಯೇ ಹಿಂತಿರುಗುವಂಥದ್ದು: ಹಣೆ, ಮೂಗಿನ ಕಂಬ, ಕೆನ್ನೆಮೂಳೆಯ ಹೊಳಪು. ಅದನ್ನು ಕಿತ್ತಳೆಯಾಗಿಯೇ ಬಿಡು. ರಕ್ತದ ಕೆಂಪು ಇರುವುದು ಬೆಳಕು ನೆರಳಿಗೆ ತಿರುಗುವ ಅಂಚಿನಲ್ಲಿ, ಕಿವಿಯಲ್ಲಿ, ಮೂಗಿನ ಹೊಳ್ಳೆಯಲ್ಲಿ, ಬೆರಳ ಸಂದಿನಲ್ಲಿ. ಅಲ್ಲಿಂದ ಮಾತ್ರ ತೆಗೆದು, ನೆರಳು, ಬೆಳಕು, ಬಣ್ಣಗಳನ್ನು ಏರಿಸಿ ಇಳಿಸುವ ಕರ್ವ್ಸ್ ಉಪಕರಣದ ಮೂಲಕ ನೆರಳಿಗೆ ಹಸಿರು ನೀಲಿ ತುಸು ಸೇರಿಸು.

ಸಾಧ್ಯವಾದರೆ ಹೊಸ ಫೋಟೋ ತೆಗೆ. ಕಿಟಕಿಯ ಬೆಳಕಿನ ಚಿತ್ರಕ್ಕೆ ಬೆಂಕಿಯನ್ನು ಅಂಟಿಸಬೇಡ, ನೆರಳಿನ ದಿಕ್ಕೇ ಬೇರೆ. ಆಲೆಮನೆಯಲ್ಲಿ ಒಲೆಯ ಬಾಯಿಯಿಂದ ದೂರ ಕಾಯ್ದು ಅವನನ್ನು ಕೂರಿಸಿ, ಸೆಖೆಗೆ ಅಡ್ಡ ಹಿಡಿದಂತೆ ಒಂದು ಕೈಯನ್ನು ಬೆಂಕಿಗೂ ಮುಖಕ್ಕೂ ನಡುವೆ ಎತ್ತಿಸು. ಬೆಂಕಿಯ ಮಸುಕು ಬೆಳಕಿನಲ್ಲಿ ಬೆರಳು ಹೊಳೆಯುವುದು ಕಷ್ಟ, ಕ್ಯಾಮೆರಾಗೆ ಕಾಣದ ಹಾಗೆ ಆ ಕೈಯ ಹಿಂದೆ ಒಂದು ಮೊಬೈಲ್ ಟಾರ್ಚ್ ಇಡು. ಆಮೇಲೆ ಗಿಂಪ್‌ನಲ್ಲಿ ಆ ಹೊಳಪನ್ನು ಪೂರ್ತಿ ತೆಗೆ. ಮುಖದ ಮೇಲೆ ಬೆಂಕಿ ಆಡುತ್ತಿರಬೇಕು, ಬೆರಳು ಮಾತ್ರ ಕಟ್ಟಿಗೆಯ ತುಂಡಿನಷ್ಟು ಕಪ್ಪು. ಹಾಗಿದ್ದರೆ ಹೊಳಪು ಬರಿಸುವುದೇ ಏಕೆ ಎನ್ನಬೇಡ. ಅದು ಎಲ್ಲೆಲ್ಲಿ ಬರುತ್ತದೆಂದು ಕಣ್ಣಾರೆ ಕಂಡರೆ ಮಾತ್ರ ಎಲ್ಲಿಂದ ತೆಗೆಯಬೇಕೆಂಬುದು ಕೈಗೆ ತಿಳಿಯುತ್ತದೆ.

ಸಕ್ಕರೆನಾಡಿನ ಹುಡುಗಿ, ಮಂಡ್ಯ:

ಗೆಳೆಯನಿಗೆ ಓದಿ ಹೇಳಿದೆ, ಕೈಯ ಉಪಾಯ ಅವನಿಗೆ ಬಹಳ ಹಿಡಿಸಿತು. ಶನಿವಾರ ರಾತ್ರಿ ಅವನ ದೊಡ್ಡಪ್ಪನ ಆಲೆಮನೆಗೆ ಹೋಗುತ್ತಿದ್ದೇವೆ. ಎ3 ಅಳತೆಯಲ್ಲಿ ಅಚ್ಚು ಹಾಕಿಸಬೇಕು, ಏನಾದರೂ ಎಚ್ಚರಿಕೆ ಇದ್ದರೆ ತಿಳಿಸಿ ಸರ್.

ಹಳೆಯ ನೆಗೆಟಿವ್, ಮೈಸೂರು:

ಎ3ಗೆ ಇಂಚಿಗೆ 300 ಚುಕ್ಕೆಯಂತೆ 3508 × 4961 ಪಿಕ್ಸೆಲ್ ಬೇಕು, ಮೊದಲೇ ಆ ಅಳತೆಗೆ ಕ್ಯಾನ್ವಾಸ್ ಇಟ್ಟುಕೊ. ಫೋಟೋವನ್ನು ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವಾಗಿ ಕಳಿಸಿಕೊಂಡರೆ ಕುಗ್ಗಿಬಿಡುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿಕೊ, ಇಲ್ಲವೇ ಕೇಬಲ್ ಹಾಕಿ ತೆಗೆದುಕೊ. ಪರದೆಯ ಮೇಲೆ ಕಾಣುವ ಕಡುಗೆಂಪು ಶಾಯಿಯಲ್ಲಿ ಅಷ್ಟು ಉರಿಯುವುದಿಲ್ಲ, ನೆರಳೂ ಕಾಗದದಲ್ಲಿ ಇನ್ನಷ್ಟು ಮುಳುಗುತ್ತದೆ. ನೆರಳನ್ನು ಕರ್ವ್ಸ್‌ನಲ್ಲಿ ಒಂದು ಎಳೆ ಎತ್ತಿ ಕೊಡು. ಎಲ್ಲಕ್ಕಿಂತ ಮುಖ್ಯ, ನೂರು ಪ್ರತಿ ಹಾಕಿಸುವ ಮುನ್ನ ಒಂದೇ ಒಂದು ಪ್ರತಿ ತೆಗೆಸಿ ಹಗಲು ಬೆಳಕಿನಲ್ಲಿ ಹಿಡಿದು ನೋಡು. ‘ಬಣ್ಣ ತಿಳಿ ಮಾಡಿಕೊಡಲೇ?’ ಎಂದು ಅಂಗಡಿಯವರು ಕೇಳಿದರೆ ಬೇಡ ಎಂದು ಖಡಾಖಂಡಿತವಾಗಿ ಹೇಳು.