ಅನ್ನದ ಕುಕ್ಕರಿನಲ್ಲಿ ಕತ್ತರಿ ಬೇಯಿಸಿದ ಬರ್ಮಾದ ಡಾಕ್ಟರು ಯಾರು?

ಸಿದ್ದಾಪುರದ ಆಶಾ:
ನಾನು ಸಿದ್ದಾಪುರ ತಾಲೂಕಿನ ಒಂದು ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆ. ಹೋದ ವಾರ ತರಬೇತಿಗೆ ಶಿರಸಿಗೆ ಹೋಗಿದ್ದೆ. ಊಟದ ಹೊತ್ತಿಗೆ ಮೇಡಂ ಒಬ್ಬರು ಬರ್ಮಾದ ಲೇಡಿ ಡಾಕ್ಟರ ಕಥೆ ತೆಗೆದರು. ಕಾಡು ದಾಟಿ ಬೇರೆ ದೇಶಕ್ಕೆ ಬಂದು, ಅನ್ನದ ಕುಕ್ಕರಿನಲ್ಲಿ ಕತ್ತರಿ, ಇಕ್ಕಳ ಬೇಯಿಸಿ ದವಾಖಾನೆ ಶುರು ಮಾಡಿದರಂತೆ. ಅಷ್ಟರಲ್ಲಿ ಬಸ್ಸಿನ ಹೊತ್ತಾಯ್ತು, ಹೆಸರು ಕೇಳಲೂ ಆಗಲಿಲ್ಲ.

ನಮ್ಮಲ್ಲಿ ಈಗ ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆಯ ಕಾಲ. ಅಡಿಕೆ ಕೊನೆಕೊಯ್ಲು, ಕಾಡಲ್ಲಿ ದರಕು (ಒಣ ಎಲೆ) ಗುಡಿಸೋದು ಎಲ್ಲ ಒಟ್ಟಿಗೇ ಬರುತ್ತದೆ. ಕಾಡಿಗೆ ಹೋಗುವ ಮೊದಲು ಹಚ್ಚಿಕೊಳ್ಳಿ ಅಂತ ಮನೆ ಮನೆಗೆ ಉಣುಗು ಕಚ್ಚದ ಹಾಗೆ ತಡೆಯುವ ಎಣ್ಣೆ ಕೊಡುತ್ತೇನೆ. ಮೊನ್ನೆ ಒಬ್ಬ ಅಜ್ಜ "ಡಾಕ್ಟರು ಹೇಳಿದರೆ ಹಚ್ಚುವ, ನೀ ಯಾರೇ ಹೇಳೋಕೆ?" ಅಂತ ಬಾಟ್ಲಿ ವಾಪಸ್ ಕೊಟ್ಟರು. ಅದಕ್ಕೇ ಆ ಕಥೆ ತಲೆಯಲ್ಲಿ ಕೂತಿದೆ. ಯಾರು ಅವರು? ಡಾಕ್ಟರೇ ಇಲ್ಲದ ಕಡೆ ಹೇಗೆ ನಡೆಸಿದರು?

ಕೋಡಿಬಾಗದ ಹಳೇ ಲ್ಯಾಬ್‌ನವ:
ಅವರ ಹೆಸರು ಡಾ. ಸಿಂಥಿಯಾ ಮಾಂಗ್, ತಂಗಿ. 1959ರಲ್ಲಿ ರಂಗೂನಿನಲ್ಲಿ ಹುಟ್ಟಿದವರು, ಬರ್ಮಾದ ಕರೆನ್ ಅನ್ನುವ ಜನಾಂಗದವರು. ಬೆಳೆದದ್ದು ಮೌಲ್ಮೇನ್‌ನಲ್ಲಿ. ಡಾಕ್ಟರಿಕೆ ಓದಿ ಹಳ್ಳಿಯ ಸಣ್ಣ ದವಾಖಾನೆಯಲ್ಲಿ ಕೆಲಸ ಮಾಡುತ್ತಿದ್ದರು. 1988ರಲ್ಲಿ ಅಲ್ಲಿ ಪ್ರಜಾಪ್ರಭುತ್ವ ಬೇಕು ಅಂತ ದೊಡ್ಡ ಚಳವಳಿ ನಡೆಯಿತು. ಸೆಪ್ಟೆಂಬರ್ 18ಕ್ಕೆ ಸೈನ್ಯ ಅಧಿಕಾರ ಹಿಡಿಯಿತು. ಇವರು ಕೆಲವು ಜೊತೆಗಾರರನ್ನು ಕಟ್ಟಿಕೊಂಡು ರಾತ್ರಿ ಹೊತ್ತು ಕಾಡಲ್ಲಿ ನಡೆದು ಗಡಿ ದಾಟಿದರು. ಥಾಯ್ಲೆಂಡಿನ ಮೇ ಸಾಟ್ ಅಂತ ಊರು. ಮೋಯಿ ಹೊಳೆಯ ಆಚೆ ಬರ್ಮಾ, ಈಚೆ ಥಾಯ್ಲೆಂಡ್. ನಮ್ಮ ಕಾಳಿ ದಾಟಿ ಸದಾಶಿವಗಡಕ್ಕೆ ಹೋದಷ್ಟು ಸಲೀಸಲ್ಲ ಬಿಡಿ, ಹಿಂದೆ ಬಂದೂಕು ಇರುತ್ತದೆ. ಅಲ್ಲಿ ಒಂದು ಹಳೇ ಮನೆಯಲ್ಲಿ 1989ರಲ್ಲಿ ಶುರುವಾದದ್ದೇ ಮೇ ತಾವ್ ಕ್ಲಿನಿಕ್.

ಕುಕ್ಕರಿನ ಕಥೆ ನಿಜ. ಆದರೆ ಲ್ಯಾಬಿನವನಾಗಿ ಒಂದು ಮಾತು, ಯಾರೂ ಅದನ್ನು ನೋಡಿ ಹಾಗೇ ಮಾಡಬೇಡಿ. ಅದು ನಮ್ಮ ಸೀಟಿ ಹೊಡೆಯುವ ಪ್ರೆಶರ್ ಕುಕ್ಕರ್ ಅಲ್ಲ, ಒತ್ತಡ ಇಲ್ಲದ ಅನ್ನದ ಕುಕ್ಕರ್ ನೂರು ಡಿಗ್ರಿ ದಾಟುವುದಿಲ್ಲ. ಧನುರ್ವಾಯುವಿನ ರೋಗಾಣು ಗಟ್ಟಿ ಚಿಪ್ಪು ಕಟ್ಟಿಕೊಂಡು ಕೂತಿದ್ದರೆ ಅಷ್ಟಕ್ಕೆ ಸಾಯುವುದಿಲ್ಲ. ಆಟೋಕ್ಲೇವ್‌ನಲ್ಲಿ ಒತ್ತಡದ ಉಗಿಯಿಂದ 121 ಡಿಗ್ರಿಗೆ ಒಯ್ಯುವುದು ಅದಕ್ಕೇ. ಏನೂ ಇಲ್ಲದಾಗ ಅವರು ಇದ್ದದ್ದರಲ್ಲಿ ಮಾಡಿದರು, ಅಷ್ಟೇ.

ಮೊದಲು ಬಂದದ್ದು ಜಾಸ್ತಿ ಮಲೇರಿಯಾದವರು. ಅದು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಕೊಂಕಣ ರೈಲ್ವೆಯ ಸುರಂಗ ಕೊರೆಯುವಾಗ ಹೊರಗಿನ ಕೂಲಿಗಳು ಬಂದಿದ್ದರು. ಶೆಡ್ಡಿಗೆ ಹೋಗಿ ಬೆರಳು ಚುಚ್ಚಿ ಸ್ಲೈಡ್ ತೆಗೆಯುತ್ತಿದ್ದೆವು. ಬಣ್ಣ ಹಾಕಿ ಒಣಗಿಸಿ ಮೈಕ್ರೋಸ್ಕೋಪಿಗೆ ಇಟ್ಟರೆ, ಫಾಲ್ಸಿಪಾರಂ ಅನ್ನುವ ಜೋರು ಬಗೆಯ ಮಲೇರಿಯಾ ಆದರೆ ಕೆಂಪು ಕಣದೊಳಗೆ ಸಣ್ಣ ಉಂಗುರ. ಒಮ್ಮೊಮ್ಮೆ ಮಿಟಗಾ ಬಾಳೆಹಣ್ಣಿನ ಹಾಗೆ ಬಾಗಿದ್ದೂ ಕಾಣುತ್ತಿತ್ತು. ಇದನ್ನು ನೋಡಲು ಎಂಬಿಬಿಎಸ್ ಬೇಡ, ಕಲಿಸಿದರೆ ಸಾಕು. ಸಿಂಥಿಯಾ ಮಾಡಿದ್ದೂ ಅದೇ. ಓಡಿ ಬಂದವರಿಗೇ ಸ್ಲೈಡ್ ನೋಡಲು, ಹೆರಿಗೆ ಮಾಡಿಸಲು, ಗಾಯ ಕಟ್ಟಲು ಕಲಿಸಿದರು. ನೆಲಬಾಂಬಿಗೆ ಕಾಲು ಕಳೆದುಕೊಂಡವರಿಗೆ ಕೃತಕ ಕಾಲು ಮಾಡುವ ಕೆಲಸವೂ ಅಲ್ಲೇ ಬೆಳೆಯಿತು.

ಕುಮಟಾ_ರಥಬೀದಿ:
ಇದನ್ನೇ ಹಿಡಿದು ನಮ್ಮ ಜಿಲ್ಲೆಗೆ ಡಾಕ್ಟರು ಬೇಡ, ಆಶಾ ಸಾಕು ಅನ್ನಬೇಡಿ ಮಾರಾಯ್ರೆ! ಅಲ್ಲಿ ಯುದ್ಧ. ನಮಗೇನಾಗಿದೆ? ರಾತ್ರಿ ಎದೆನೋವು ಬಂದರೆ ಇವತ್ತೂ ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವಾಕ್ಕೋ ಓಡಬೇಕು. ನಮ್ಮ ಅಪ್ಪನನ್ನು ಕರೆದುಕೊಂಡು ಹೋಗುವಾಗ ಬೈಂದೂರು ದಾಟುವ ತನಕ ನಾನು ಕಣ್ಣು ರಸ್ತೆಯಿಂದ ತೆಗೆದಿಲ್ಲ.

ಕೋಡಿಬಾಗದ ಹಳೇ ಲ್ಯಾಬ್‌ನವ:
ನೀವು ಹೇಳಿದ್ದು ಸರಿ. ಎದೆನೋವಿಗೆ ಕಾರ್ಡಿಯಾಲಜಿಸ್ಟೇ ಬೇಕು, ಅದರಲ್ಲಿ ತಕರಾರಿಲ್ಲ. ಈ ತಂಗಿ ಕೇಳಿದ್ದು ಎಣ್ಣೆ ಬಾಟ್ಲಿಯ ವಿಷಯ.

ಮುಂಡಗೋಡಿನವಳು:
ನಾನು ನರ್ಸ್. ನಮ್ಮೂರ ಹತ್ತಿರ 1966ರಿಂದ ಟಿಬೆಟಿಯನ್ ಕ್ಯಾಂಪ್ ಇದೆ, ಹಾಗಾಗಿ ಊರು ಬಿಟ್ಟು ಬಂದವರ ಕಷ್ಟ ಸ್ವಲ್ಪ ಗೊತ್ತು. ಇನ್ನೊಂದು ಸೇರಿಸುತ್ತೇನೆ ಅಕ್ಕ. 1998ರಲ್ಲಿ ಬ್ಯಾಕ್‌ಪ್ಯಾಕ್ ತಂಡ ಅಂತ ಶುರುವಾಯ್ತು, ಅದರ ಹಿಂದೆಯೂ ಅವರಿದ್ದರು. ಬೆನ್ನಿಗೆ ಔಷಧಿ ಚೀಲ ಹಾಕಿಕೊಂಡು ಬರ್ಮಾದೊಳಗಿನ ಹಳ್ಳಿಗಳಿಗೆ ನಡೆದುಕೊಂಡೇ ಹೋಗುವವರು. ಅವರಲ್ಲಿ ಕೆಲವರು ದಾರಿಯಲ್ಲೇ ಸತ್ತಿದ್ದಾರೆ, ನೆಲಬಾಂಬಿಗೆ, ಗುಂಡಿಗೆ. ಆದರೂ ಜನ ಬಾಗಿಲು ತೆಗೆಯುತ್ತಿದ್ದರು, ಯಾಕೆಂದರೆ ಬಂದವರು ಆ ಕಡೆಯವರೇ, ಅದೇ ಭಾಷೆಯವರು. ನಿಮಗೂ ಅದೇ ಬಲ ಅಲ್ವಾ?

ಸಿಂಥಿಯಾಗೆ 2002ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಹೆಗ್ಗೋಡಿನ ನೀನಾಸಂನ ಸುಬ್ಬಣ್ಣನವರಿಗೆ 1991ರಲ್ಲಿ ಬಂದಿತ್ತಲ್ಲ, ಅದೇ. 2013ರಲ್ಲಿ ಸಿಡ್ನಿ ಶಾಂತಿ ಪ್ರಶಸ್ತಿ.

ಸಿದ್ದಾಪುರದ ಆಶಾ:
ಎಲ್ಲರಿಗೂ ಥ್ಯಾಂಕ್ಸ್. ಕುಕ್ಕರಿನ ವಿಷಯ ಹೇಳಿದ್ದು ಒಳ್ಳೇದಾಯ್ತು ಅಣ್ಣ, ನಾನು ಸುಮ್ನೆ ಎಲ್ಲರ ಹತ್ತಿರ ಹೇಳುತ್ತಾ ಹೋಗುತ್ತಿದ್ದೆ. ಕುಮಟಾದವರೇ, ನೀವು ಹೇಳಿದ್ದೂ ಸುಳ್ಳಲ್ಲ.

ಇದನ್ನು ಬರೆಯುವಾಗಲೇ ಅಜ್ಜನ ಸೊಸೆ ಫೋನ್ ಮಾಡಿದಳು. ತೋಟದ ಮೇಲಿನ ಬೆಟ್ಟದಲ್ಲಿ ಮಂಗ ಸತ್ತು ಬಿದ್ದಿದೆಯಂತೆ. ಯಾರೂ ಹತ್ತಿರ ಹೋಗಬೇಡಿ, ದನ ಆ ಕಡೆ ಬಿಡಬೇಡಿ ಅಂದೆ. ಪಿಎಚ್‌ಸಿಗೂ ತಿಳಿಸಿದೆ. ಫೋನ್ ಇಡುವ ಮೊದಲು ಹಿಂದಿನಿಂದ ಅಜ್ಜನ ದನಿ ಕೇಳಿತು, "ಆ ಎಣ್ಣೆ ತರೋಕೆ ಹೇಳೇ."

ನಾಲ್ಕು ಬಾಟ್ಲಿ ಬ್ಯಾಗಿಗೆ ಹಾಕಿಕೊಂಡು ಹೊರಟೆ.