ಸ್ಕೈವಿಂಗ್ ಯಂತ್ರದ ಅಲಗು ತಾಸಿನೊಳಗೇ ಮೊಂಡಾಗುತ್ತಿದೆ: ದೋಷ ಅಲಗಿನದೋ, ಸಾಣೆಯದೋ?

ಪ್ರಶ್ನೆ (ಅಥಣಿಯಿಂದ)

ನಮ್ಮದು ಅಥಣಿಯಲ್ಲಿ ಚಪ್ಪಲಿ ಮಾಡುವ ಮನೆತನ. ಅಟ್ಟೆ ಹೊಲಿಯುವುದೂ ಜಡೆ ಹೆಣೆಯುವುದೂ ಇಂದಿಗೂ ಕೈಯಿಂದಲೇ ನಡೆಯುತ್ತವೆ. ಮೇಲಿನ ಪಟ್ಟಿಗಳ ಅಂಚು ಹೆರೆದು ತೆಳುಮಾಡುವ ಕೆಲಸವನ್ನು ಮಾತ್ರ ರಂಪಿಗೆಯಿಂದ ಬಿಡಿಸಿ, ಎರಡು ವರ್ಷಗಳ ಹಿಂದೆ ಕೊಂಡ ಹಳೆಯ ಸ್ಕೈವಿಂಗ್ ಯಂತ್ರಕ್ಕೆ ವಹಿಸಿದ್ದೇವೆ. ಗುಡಿಯ ಗಂಟೆಯ ಆಕಾರದ ಅಲಗು ಸುತ್ತುವ ಮಾದರಿ ಅದು. ಸಾಣೆಕಲ್ಲು ಯಂತ್ರದೊಳಗೇ ಇದೆ.

ಬೆಳಿಗ್ಗೆ ಕೆಲಸ ಆರಂಭಿಸಿದಾಗ ಆಡಿನ ಚರ್ಮ ಬೆಣ್ಣೆಯಂತೆ ಕೊಯ್ಯುತ್ತದೆ. ಒಂದು ತಾಸು ಕಳೆಯುವಷ್ಟರಲ್ಲಿ ಅಂಚು ಜಗಿದಂತಾಗುತ್ತದೆ, ಪಟ್ಟಿ ಎಳೆದು ಮಡಚಿಕೊಳ್ಳುತ್ತದೆ. ಅಲಗು ಮೊಂಡಾಗಬಾರದೆಂದು ಸಾಣೆಕಲ್ಲನ್ನು ದಿನವಿಡೀ ಅದಕ್ಕೆ ತಾಗಿಸಿಯೇ ಇಟ್ಟಿರುತ್ತೇನೆ. ಆದರೂ ಒಂದು ಅಲಗು ತೆಗೆದುಹಾಕಿ ಎರಡನೆಯದನ್ನು ಹಾಕಿದ್ದಾಯಿತು. ಸಾಲದೆಂಬಂತೆ, ಒದ್ದೆ ಮಾಡಿದ ಪಟ್ಟಿಗಳ ಮೇಲೆ ಈಚೆಗೆ ಎಳ್ಳುಕಾಳಿನಷ್ಟು ಕರಿಯ ಚುಕ್ಕೆಗಳು ಮೂಡುತ್ತಿವೆ. ಮೂರನೆಯ ಅಲಗಿಗೆ ಹಣ ಹಾಕುವ ಮುನ್ನ ತಿಳಿದವರು ದಾರಿ ತೋರಿಸಬೇಕಾಗಿ ವಿನಂತಿ.

ಉತ್ತರ (ವಿಜಯಪುರದಿಂದ)

ನಾನು ಹೊಲಿಗೆ ಯಂತ್ರಗಳನ್ನೂ ಚರ್ಮದ ಕೆಲಸದ ಯಂತ್ರಗಳನ್ನೂ ದುರಸ್ತಿ ಮಾಡುವವನು. ಕಲ್ಲನ್ನು ದಿನವಿಡೀ ತಾಗಿಸಿ ಇಡುತ್ತೀರಿ ಎಂಬ ಮಾತಿನಲ್ಲಿಯೇ ನಿಮ್ಮ ತೊಂದರೆಯ ಬಹುಭಾಗ ಇದೆ ಎಂದು ನನಗೆ ತೋರುತ್ತದೆ.

ಈ ಅಲಗಿನ ಇಳಿಜಾರು ಒಳಮಗ್ಗುಲಲ್ಲಿರುತ್ತದೆ. ಕಲ್ಲು ಒಳಗಿನಿಂದಲೇ ಅದನ್ನು ಮಸೆಯುತ್ತದೆ. ಹಾಗೆ ಮಸೆದಾಗಲೆಲ್ಲ ಉಕ್ಕಿನ ಕೂದಲೆಳೆಯಂತಹ ಅಂಚೊಂದು ಹೊರಮಗ್ಗುಲಿಗೆ ಹೊರಳಿ ನಿಲ್ಲುತ್ತದೆ. ಲೇಥ್ ಕೆಲಸದವರು ಅದನ್ನು ಬರ್ ಎನ್ನುತ್ತಾರೆ. ಅದು ಇರುವವರೆಗೂ ಅಲಗು ಹರಿತವಾಗಿದೆಯೆಂಬ ಭ್ರಮೆ ಹುಟ್ಟುತ್ತದೆ. ಹತ್ತಿಪ್ಪತ್ತು ಪಟ್ಟಿಗಳು ದಾಟುವಷ್ಟರಲ್ಲಿ ಅದು ಮಡಚಿ, ಚರ್ಮವನ್ನು ಕೊಯ್ಯುವ ಬದಲು ಹಿಡಿದೆಳೆಯತೊಡಗುತ್ತದೆ. ಆದುದರಿಂದ ಒಳಗೆ ಮಸೆದು ಮುಗಿಸುವ ಹೊತ್ತಿಗೆ, ಅಲಗು ಸುತ್ತುತ್ತಿರುವಾಗಲೇ, ನುಣುಪಾದ ಕಲ್ಲಿನ ಕಡ್ಡಿಯೊಂದನ್ನು ಹೊರಮಗ್ಗುಲಿಗೆ ಚಪ್ಪಟೆಯಾಗಿ ಒಂದೆರಡು ಕ್ಷಣ ಸೋಕಿಸಿ, ಆಮೇಲೆ ಒಳಗಿನ ಕಲ್ಲನ್ನು ಹಿಂದಕ್ಕೆ ಸರಿಸಬೇಕು. ಕಡ್ಡಿಯನ್ನು ಓರೆಯಾಗಿ ಹಿಡಿದರೆ ಇದ್ದ ಅಂಚೂ ಹೋಗುತ್ತದೆ. ಕಣ್ಣಿಗೆ ಕನ್ನಡಕವಿಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿರಿ.

ಎರಡನೆಯದು ಕಲ್ಲಿನ ಸ್ಥಿತಿ. ಚರ್ಮದ ಹುಡಿ, ಅಂಟು, ಎಣ್ಣೆ ಸೇರಿ ಕಲ್ಲಿನ ಮುಖ ಕಪ್ಪಾಗಿ ಮಿಂಚುತ್ತಿದ್ದರೆ ಅದು ಮಸೆಯುತ್ತಿಲ್ಲ, ಬರಿದೆ ಉಜ್ಜುತ್ತಿದೆ. ಉಜ್ಜಿದಷ್ಟೂ ಅಲಗು ಕಾಯುತ್ತದೆ. ಅಂಚು ನೀಲಿಗಟ್ಟಿತೆಂದರೆ ಅಲ್ಲಿನ ಉಕ್ಕಿನ ಹದ ಕೆಟ್ಟಿತೆಂದೇ ಅರ್ಥ, ಎಷ್ಟು ಸಾಣೆ ಹಿಡಿದರೂ ಆ ಭಾಗದಲ್ಲಿ ಹರಿತ ನಿಲ್ಲುವುದಿಲ್ಲ. ಸಾಣೆಕಲ್ಲಿನ ಮುಖ ಕೆರೆಯಲೆಂದೇ ಇರುವ ಡ್ರೆಸ್ಸಿಂಗ್ ಕಡ್ಡಿಯಿಂದ ಆ ಕೊಳೆಯ ಪದರ ತೆಗೆದು ಕಲ್ಲಿನ ಮುಖವನ್ನು ತೆರೆಯಿರಿ. ಕಲ್ಲಿಗೆ ಎಣ್ಣೆ ತಾಗಲೇಬಾರದು.

ಒಂದು ಸುಲಭದ ಪರೀಕ್ಷೆಯನ್ನೂ ಹೇಳುತ್ತೇನೆ. ಮೋಟಾರಿನ ಪ್ಲಗ್ ಕಿತ್ತು, ಅಲಗು ಪೂರ್ತಿ ನಿಂತ ಮೇಲೆ, ಒಳಗಿನ ಇಳಿಜಾರಿಗೆ ಸುತ್ತಲೂ ಮಾರ್ಕರ್ ಮಸಿ ಬಳಿಯಿರಿ. ಮತ್ತೆ ಚಾಲೂ ಮಾಡಿ ಕಲ್ಲನ್ನು ಒಂದು ಕ್ಷಣ ಮಾತ್ರ ತಾಗಿಸಿ, ನಿಲ್ಲಿಸಿ ನೋಡಿರಿ. ತುದಿಯಂಚಿನವರೆಗೂ, ಸುತ್ತ ಒಂದೇ ಸಮನೆ ಮಸಿ ಅಳಿಸಿರಬೇಕು. ಹಿಂಬದಿಯಲ್ಲಷ್ಟೇ ಅಳಿಸಿದ್ದರೆ ಕಲ್ಲಿನ ಕೋನ ತಪ್ಪಿದೆ. ಸುತ್ತಿನ ಒಂದು ಪಾಲಿನಲ್ಲಷ್ಟೇ ಅಳಿಸಿದ್ದರೆ ಅಲಗು ತನ್ನ ನೆಲೆಯಲ್ಲಿ ನೇರವಾಗಿ ಕುಳಿತಿಲ್ಲ.

ಉತ್ತರ (ನಿಪ್ಪಾಣಿಯಿಂದ)

ಕರಿಯ ಚುಕ್ಕೆಗಳ ವಿಷಯದಲ್ಲಿ ಮಾತ್ರ ಹೇಳುತ್ತೇನೆ. ಅಳಲೆಕಾಯಿಗೆ ಅನ್ನಭೇದಿಯೆಂಬ ಕಬ್ಬಿಣದ ಲವಣ ಸೇರಿಸಿ ಹಿಂದಿನವರು ಬರೆಯುವ ಮಸಿ ಮಾಡುತ್ತಿದ್ದುದು ನಿಮಗೆ ತಿಳಿದಿರಬಹುದು. ನಿಮ್ಮ ಪಟ್ಟಿಯ ಮೇಲೆ ನಡೆಯುತ್ತಿರುವುದೂ ಅದೇ. ಜಾಲಿ ತೊಗಟೆ, ಅಳಲೆಕಾಯಿಗಳಲ್ಲಿ ಹದ ಮಾಡಿದ ಚರ್ಮದಲ್ಲಿ ಒಗರು ಇರುತ್ತದೆ. ಸಾಣೆಯಿಂದ ಉದುರಿದ ಕಬ್ಬಿಣದ ಹುಡಿ ಒದ್ದೆ ಚರ್ಮದ ಮೇಲೆ ಬಿದ್ದರೆ ಅಲ್ಲಿಯೇ ಮಸಿ ಹುಟ್ಟುತ್ತದೆ. ಸಾಣೆ ಹಿಡಿದ ಕೂಡಲೇ ಅಲಗು, ಚರ್ಮವನ್ನು ಒತ್ತಿ ಹಿಡಿಯುವ ಒತ್ತುಪಾದ, ಮೇಜು ಎಲ್ಲವನ್ನೂ ಒಣಬಟ್ಟೆಯಿಂದ ಒರೆಸಿ, ಎರಡು ಮೂರು ರದ್ದಿ ತುಂಡುಗಳನ್ನು ಹಾಯಿಸಿದ ಮೇಲೆಯೇ ಒಳ್ಳೆಯ ಪಟ್ಟಿಗೆ ಕೈ ಹಾಕಿರಿ. ಹೆರೆಯುವ ಕೆಲಸವನ್ನು ಚರ್ಮ ಒಣಗಿರುವಾಗಲೇ ಮುಗಿಸಿಕೊಳ್ಳುವುದು ಮತ್ತೂ ಉತ್ತಮ. ಹಸಿಯಾಗಿರುವ ಚುಕ್ಕೆ ನಿಂಬೆರಸಕ್ಕೆ ತಕ್ಕಮಟ್ಟಿಗೆ ತಿಳಿಯಾಗುತ್ತದೆ.

ಕೇಳದಿದ್ದರೂ ಇನ್ನೊಂದು ಮಾತು. ಸಾಣೆ ಹಿಡಿಯುವ ಮುನ್ನ ಯಂತ್ರದ ಕೆಳಗೆ ಬಿದ್ದ ಹೆರೆತದ ಹುಡಿಯನ್ನು ಗುಡಿಸಿ ತೆಗೆಯಿರಿ. ನಮ್ಮ ಅಂಗಡಿಯಲ್ಲಿ ಒಮ್ಮೆ ಕಿಡಿ ಬಿದ್ದು, ಊಟಕ್ಕೆ ಹೋಗಿ ಬರುವಷ್ಟರಲ್ಲಿ ಹುಡಿಯ ಚೀಲ ಒಳಗೊಳಗೇ ಹೊಗೆಯಾಡುತ್ತಿತ್ತು.

ಉತ್ತರ (ಬಾಗಲಕೋಟೆಯಿಂದ)

ವಿಜಯಪುರದವರ ಮಾತಿಗೆ ಒಂದು ಸೇರ್ಪಡೆ. ಮಸೆದಂತೆಲ್ಲ ಅಲಗು ಸವೆದು ಒತ್ತುಪಾದದಿಂದ ಹಿಂದೆ ಸರಿಯುತ್ತದೆ. ಆ ಸಂದು ಹೆಚ್ಚಾದರೆ ಹರಿತವಾದ ಅಲಗೂ ಮೊಂಡು ಅಲಗಿನಂತೆಯೇ ಚರ್ಮವನ್ನು ಮಡಚುತ್ತದೆ. ಅರ್ಧ ಮಿಲಿಮೀಟರಿನಷ್ಟು ಸಂದು ಸಾಕು. ಆದರೆ ಅಲಗು ಪಾದಕ್ಕೆ ತಾಗಕೂಡದು. ನಾನು ಬ್ಯಾಗಿನ ಕೆಲಸ ಆರಂಭಿಸಿದ ಹೊಸತರಲ್ಲಿ ಇದು ತಿಳಿಯದೆ ವಾರಗಟ್ಟಲೆ ಅಲಗನ್ನೇ ಬೈದಿದ್ದೇನೆ.

ಪ್ರಶ್ನೆ ಕೇಳಿದವರಿಂದ (ಅಥಣಿಯಿಂದ)

ಎಲ್ಲರಿಗೂ ಧನ್ಯವಾದಗಳು. ಮಾರ್ಕರ್ ಪರೀಕ್ಷೆ ಮಾಡಿ ನೋಡಿದಾಗ ಅರ್ಧ ಸುತ್ತಿನಲ್ಲಿ ಮಸಿ ಅಳಿಸಿತ್ತು, ಉಳಿದರ್ಧದಲ್ಲಿ ಬಳಿದಂತೆಯೇ ಇತ್ತು. ಅಲಗು ಬಿಚ್ಚಿದರೆ ಅದು ಕೂರುವ ಜಾಗದಲ್ಲಿ ಹಳೆಯ ಅಂಟೂ ಚರ್ಮದ ಹುಡಿಯೂ ಸೇರಿ ಕಲ್ಲಾಗಿ ಕುಳಿತಿದ್ದವು. ಯಂತ್ರ ಮಾರಿದವರ ಕಾಲದ್ದೇ ಇರಬೇಕು. ಅದನ್ನು ಕೆರೆದು ತೆಗೆದು, ಕಲ್ಲಿನ ಮುಖ ತೆರೆದು, ಸಂದು ಸರಿಪಡಿಸಿ ಇಂದಿಗೆ ಆರು ದಿನ. ಈಗ ದಿನಕ್ಕೆ ಮೂರು ಬಾರಿ ಮಾತ್ರ ಕಲ್ಲು ತಾಗಿಸುತ್ತಿದ್ದೇನೆ, ಹೊರಗಿನ ಬರ್ ತೆಗೆಯುತ್ತಿದ್ದೇನೆ. ಕೊನೆಯ ಪಟ್ಟಿಯೂ ಮೊದಲನೆಯದರಂತೆಯೇ ಬರುತ್ತಿದೆ, ಚುಕ್ಕೆಗಳು ನಿಂತಿವೆ. ಗುಜರಿಗೆಂದು ಎತ್ತಿಟ್ಟಿದ್ದ ಹಳೆಯ ಅಲಗನ್ನೂ ನಿನ್ನೆ ಒರೆಸಿ ಹಾಕಿ ನೋಡಿದೆ. ಅದರಲ್ಲಿ ಇನ್ನೂ ಬೆರಳಗಲದ ಉಕ್ಕು ಉಳಿದಿದೆ, ಎಲ್ಲಿಯೂ ನೀಲಿಗಟ್ಟಿಲ್ಲ, ಚೆನ್ನಾಗಿಯೇ ಕೊಯ್ಯುತ್ತದೆ.